ಕೈಲಾಸನ ಹೆಸರು ತೆಗೆದ ಸೋಮವಾರ

ಗಡಿನಾಡಿನ ದಾಳಿಂಬ ಊರಿನ ರೇಣುಕಾಪ್ರಸಾದನಿಗೆ ಸೋಮವಾರ ಬಂತೆಂದರೆ ಎರಡು ಕೆಲಸ. ಬೆಳಗಿನಿಂದ ಮಧ್ಯಾಹ್ನದವರೆಗೆ ಭಕ್ತರ ಮನೆಮನೆಗೆ ಹೋಗಿ ಪೂಜೆ ಮಾಡುವುದು ಒಂದು. ಅದು ಅಯ್ಯನವರ ಮನೆತನದ ವೃತ್ತಿ, ಅವನ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಮಾಡಿಕೊಂಡು ಬಂದದ್ದು. ಸಂಜೆ ಆರರೊಳಗೆ ತನ್ನ ಏಳು ಆಟಗಾರರಲ್ಲಿ ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು ಎಂದು ತೀರ್ಮಾನಿಸುವುದು ಇನ್ನೊಂದು. ಇದನ್ನು ಯಾವ ಅಜ್ಜನೂ ಮಾಡಿರಲಿಲ್ಲ. ಎರಡರಲ್ಲಿ ಯಾವುದಕ್ಕೆ ಎದೆ ಹೆಚ್ಚು ಬಡಿದುಕೊಳ್ಳುತ್ತದೆ ಎಂದು ಯಾರಾದರೂ ಕೇಳಿದ್ದರೆ ಅಯ್ಯನವರು ಸುಳ್ಳು ಹೇಳಬೇಕಾಗುತ್ತಿತ್ತು.

ಆಟ ಇಷ್ಟೇ. ತೊಗರಿ ರಾಶಿ ಮುಗಿದ ಮೇಲೆ ಉಮರ್ಗಾ, ನಿಲಂಗಾ, ಉದಗೀರ ಸುತ್ತಿನ ಎಂಟು ತಂಡಗಳು ಟೆನಿಸ್ ಬಾಲ್ ಕ್ರಿಕೆಟ್ ಆಡುತ್ತವೆ. ವಾರಕ್ಕೊಂದು ಸುತ್ತಿನಂತೆ ಹತ್ತು ರವಿವಾರ. ಅದು ಬಿಸಿಲಲ್ಲಿ ಓಡುವವರ ಆಟ. ಅದರ ಮೇಲೆ ನೆರಳಲ್ಲಿ ಕೂತವರ ಆಟ ಇನ್ನೊಂದಿದೆ. ಹೊಟ್ಟೆ ಮುಂದೆ ಬಂದು, ಮೊಣಕಾಲು ಕೈಕೊಟ್ಟು, ಆದರೂ ಕ್ರಿಕೆಟ್ಟಿನ ಹುಚ್ಚು ಬಿಡದ ಎಂಟು ಗಂಡಸರು ಆ ತಂಡಗಳಿಂದ ತಲಾ ಏಳು ಹೆಸರು ಆರಿಸಿಕೊಂಡು ತಮ್ಮನ್ನು ತಾವೇ ಮಾಲಕರು ಎಂದು ಕರೆದುಕೊಳ್ಳುತ್ತಾರೆ. ತಮ್ಮ ಏಳು ಜನ ಮೈದಾನದಲ್ಲಿ ಹೊಡೆದ ರನ್ನು, ಕಿತ್ತ ವಿಕೆಟ್ಟು, ಹಿಡಿದ ಕ್ಯಾಚು ಎಲ್ಲಕ್ಕೂ ಅಂಕ. ರೊಕ್ಕದ ಮಾತೇ ಇಲ್ಲ. ಗೆದ್ದವನ ಹೆಸರನ್ನು ಒಂದು ವರ್ಷ ವಾಟ್ಸ್ಯಾಪ್ ಗುಂಪಿನ ತಲೆಯ ಮೇಲೆ ಇಡುತ್ತಾರೆ, ಅಷ್ಟೇ. ಅಷ್ಟಕ್ಕಾಗಿ ಎಂಟು ಸಂಸಾರಸ್ಥರು ರವಿವಾರದ ಊಟ ತಣ್ಣಗಾದರೂ ಏಳುತ್ತಿರಲಿಲ್ಲ.

ಶುರುವಿನಲ್ಲಿ ಹೆಸರು ಆರಿಸುವುದು ಯಾರು ಬೇಕಾದರೂ ಮಾಡುವ ಕೆಲಸ. ದೊಡ್ಡ ಹೆಸರು ಕೂಗಿದರಾಯಿತು. ಮನುಷ್ಯನ ಜಾಣತನ ಗೊತ್ತಾಗುವುದು ನಾಲ್ಕೈದು ಸುತ್ತು ಕಳೆದ ಮೇಲೆ. ಪ್ರತಿ ಸೋಮವಾರ ಒಬ್ಬನನ್ನು ಬಾದ್ ಮಾಡಿ, ಅಂದರೆ ಕೈಬಿಟ್ಟು, ಯಾರ ಪಾಲಿಗೂ ಬಾರದೆ ಉಳಿದವರ ಪಟ್ಟಿಯಾದ ಖುಲ್ಲಾ ಯಾದಿಯಿಂದ ಒಬ್ಬನನ್ನು ತೆಗೆದುಕೊಳ್ಳಬಹುದು. ಬಾದಾದವನೂ ಖುಲ್ಲಾ ಆಗುತ್ತಾನೆ. ಮರುದಿನ ಅವನ ಮೇಲೆ ಮೊದಲ ಹಕ್ಕು ಅಂಕದಲ್ಲಿ ಎಲ್ಲರಿಗಿಂತ ಕೆಳಗಿರುವ ಎಂಟನೇ ನಂಬರಿನ ಮಾಲಕನದು. ಈ ಅದಲಾಬದಲಿಯಲ್ಲಿ ರೇಣುಕಾಪ್ರಸಾದನನ್ನು ಮೀರಿಸುವವರೇ ಇರಲಿಲ್ಲ. ಉಮರ್ಗಾದ ಬಸ್ ಸ್ಟ್ಯಾಂಡ್ ಹತ್ತಿರ ಮೋಟಾರ್ ಸೈಕಲ್ ಸಾಮಾನಿನ ಅಂಗಡಿ ಇಟ್ಟಿದ್ದ, ಎಲ್ಲರ ಯಾದಿ ಬರೆದಿಡುತ್ತಿದ್ದ ಪಂಡಿತ ಎಂಬ ಮಾಲಕ ಗಿರಾಕಿಗಳ ಮುಂದೆಯೇ ಹೇಳುತ್ತಿದ್ದ: "ನಮ್ಮ ಅಯ್ನೋರು ಯಾರನ್ನ ಹಿಡೀತಾರ, ಯಾರನ್ನ ಬಿಡತಾರ ನೋಡ್ತಾ ಇರ್ರಿ. ಮತ್ತ ಪೇಪರ್ ಓದೋ ಜರೂರತ್ ಇಲ್ಲ."

ಜಾಣತನದ ಗುಟ್ಟು ಹೇಳಿಬಿಡೋಣ. ಉಳಿದ ಏಳು ಜನ ಮೈದಾನ ನೋಡುತ್ತಿದ್ದರು, ಇವನು ಮನೆಗಳ ಒಳಗೆ ಹೋಗುತ್ತಿದ್ದ. ಯಾವ ಬ್ಯಾಟ್ಸ್‌ಮನ್ನನ ಹೆಂಡತಿ ಹೆರಿಗೆಗೆ ತವರಿಗೆ ಹೋಗಿದ್ದಾಳೆ, ಇನ್ನು ರವಿವಾರಗಳೆಲ್ಲ ಆತ ಅತ್ತೆಯ ಮನೆಯಲ್ಲೇ ಎಂಬುದು ಇವನಿಗೆ ಗೊತ್ತು. ಯಾರ ಮನೆಯಲ್ಲಿ ಅಣ್ಣತಮ್ಮಂದಿರ ಹೊಲ ಪಾಲಾಗುತ್ತಿದೆ, ಯಾರ ತಲೆ ಆಟದಲ್ಲಿಲ್ಲ ಎಂಬುದೂ ಗೊತ್ತು. ಹೋದ ವರ್ಷ ಒಬ್ಬ ವಿಕೆಟ್ ಕೀಪರನ ಗೃಹಪ್ರವೇಶಕ್ಕೆ ತಾನೇ ರವಿವಾರದ ಮುಹೂರ್ತ ಇಟ್ಟುಕೊಟ್ಟು, ಆ ರವಿವಾರ ಬರುವ ಮೊದಲೇ ಅವನನ್ನು ಬಾದ್ ಮಾಡಿದ್ದ. ಆಗ ಮನಸ್ಸಿಗೆ ಸ್ವಲ್ಪ ಕಸಿವಿಸಿಯಾಯಿತು. ಆಮೇಲೆ ನಗು ಬಂತು. ಇದೇನು ಗುಟ್ಟೇ, ಪತ್ರಿಕೆ ಹಂಚಿ ಕರೆದ ಕಾರ್ಯ ಎಂದುಕೊಂಡ. ನಗು ಬಂದ ಮೇಲೆ ಕಸಿವಿಸಿ ಮತ್ತೆ ಬರಲಿಲ್ಲ.

ಅವನ ಅಪ್ಪ ಮರುಳಸಿದ್ಧಯ್ಯ ಮೂರು ವರ್ಷದ ಹಿಂದೆ, ಮೆಟ್ಟಿಲು ಹತ್ತುವುದು ಆಗದಾದಾಗ, ತನ್ನ ನಲವತ್ತು ಮನೆಗಳನ್ನು ಮಗನಿಗೆ ಬಿಟ್ಟುಕೊಟ್ಟಿದ್ದ. ಮಂತ್ರ ಮಗನಿಗೆ ಎಂಟನೇ ವಯಸ್ಸಿನಿಂದ ಬಾಯಿಪಾಠ. ಹೇಳಬೇಕಾದದ್ದು ಒಂದೇ ಇತ್ತು, ಅದನ್ನು ಹೇಳಿದ್ದ: "ಜನಾ ನಮ್ಮ ಮುಂದ ಹೊಟ್ಟ್ಯಾಗಿಂದು ಬಿಚ್ಚಿ ಹೇಳ್ತಾರ. ನಾವೇನ ಶಾಣ್ಯಾರಂತಲ್ಲಪಾ. ಮತ್ತೊಬ್ಬರ ಮುಂದ ಹೇಳಂಗಿಲ್ಲ ಅಂತ ಹೇಳ್ತಾರ." ಮಗ ಹೂಂ ಅಂದಿದ್ದ.

ಐದನೇ ಸುತ್ತು ಮುಗಿದ ಮರುದಿನ, ಸೋಮವಾರ, ಲಲಿತಾಬಾಯಿಯವರ ಮನೆಯಿಂದ ಬೆಳಿಗ್ಗೆಯೇ ಕರೆ ಬಂತು. ಲಲಿತಾಬಾಯಿ ಊರಿನ ದೊಡ್ಡ ಒಕ್ಕಲುತನದ ಯಜಮಾನಿ. ಗಂಡ ಸತ್ತು ಹತ್ತು ವರ್ಷವಾಗಿತ್ತು. ಹೊಲ ನೋಡುವವನು ಹಿರಿಯ ಮಗ ದಿಗಂಬರ, ಅವನ ಹೆಂಡತಿ ಮಂಗಲಾ. ಕಿರಿಯವನೇ ಕೈಲಾಸ, ಉಮರ್ಗಾ ತಂಡದ ವೇಗದ ಬೌಲರ್, ಇಡೀ ಲೀಗಿನಲ್ಲೇ ಎಲ್ಲರಿಗಿಂತ ಮುಂದೆ ಇದ್ದವನು. ರೇಣುಕಾಪ್ರಸಾದನ ಏಳು ಜನರಲ್ಲಿ ಮೊದಲ ಹೆಸರು ಅವನದೇ. ಹಿಂದಿನ ದಿನ ತಾನೇ ನಾಲ್ಕು ವಿಕೆಟ್ ಕಿತ್ತಿದ್ದ. ಪೂಜೆಗೆ ಹೊರಟ ಅಯ್ಯನವರ ತಲೆಯಲ್ಲಿ ದಾರಿಯುದ್ದಕ್ಕೂ ಆ ನಾಲ್ಕು ವಿಕೆಟ್ಟುಗಳೇ ಓಡುತ್ತಿದ್ದವು.

ರುದ್ರಾಭಿಷೇಕ ಮುಗಿದು ತೀರ್ಥ ಕೊಟ್ಟ ಮೇಲೆ ಲಲಿತಾಬಾಯಿ ಬಾಗಿಲು ಮುಂದೆ ಮಾಡಿ ಬಂದು ಎದುರಿಗೆ ಕೂತರು.

"ಅಯ್ನೋರ, ಒಂದ್ ಮಾತ ಹೇಳ್ತೀನ್ರಿ. ನಿಮ್ಮ ಕಿವೀಗಷ್ಟೇ."

"ಹೇಳ್ರಿ ಅವ್ವಾ."

"ನಿನ್ನಿ ಸಂಜೀಮುಂದ ನಮ್ಮ ಕೈಲಾಸ ಹೊಲದಾಗ ಬಿದ್ದಾನ್ರಿ. ಕೈಕಾಲು ಸೆಟದು, ಬಾಯಾಗ ನೊರಿ ಬಂದು... ಮಂಗಲಾ ಅಲ್ಲೇ ಇದ್ದಳು, ಆಕೀನೇ ಮಗ್ಗಲಾಗಿ ಮಲಗಿಸಿ, ಸೆರಗು ತಲೀ ಕೆಳಗ ಇಟ್ಟು, ದಿಗಂಬರಗ ಒದರ್ಯಾಳ. ಉದಗೀರಕ್ಕ ಒಯ್ದೆವ್ರಿ. ಡಾಕ್ಟರ್ ಫಿಟ್ಸ್ ಅಂದಾರ. ಗುಳಗಿ ತೊಗೊಂಡ್ರ ಎಲ್ಲಾರಂಗ ಇರತಾನ, ಹೆದರಬ್ಯಾಡ್ರಿ ಅಂದಾರ. ಆದ್ರ ಮೂರು ತಿಂಗಳ ಮೈದಾನ ಇಲ್ಲ, ಗಾಡಿ ಇಲ್ಲ, ಬಾವೀಕಡಿ ಹೋಗಂಗಿಲ್ಲ."

ಆಕೆ ಅಳಲಿಲ್ಲ. ಅಳುವ ಹೆಂಗಸಲ್ಲ. ಆದರೆ ತೀರ್ಥದ ಬಟ್ಟಲನ್ನು ಸುಮ್ಮನೆ ಎರಡು ಸಲ ಎತ್ತಿಟ್ಟರು.

"ಅವಗ ನೋಡಿದ ವಲಾಂಡಿ ಹುಡುಗಿ ಗೊತ್ತಲ್ರಿ, ಮೀನಲ. ಬರೋ ತಿಂಗಳ ಸಾಖರಪುಡಾ ಅದ, ಲಗ್ನಾ ನಿಶ್ಚಯ ಮಾಡೋದು. ಮುಚ್ಚಿಟ್ಟು ಲಗ್ನ ಮಾಡೋ ಮನಿತನ ಅಲ್ರಿ ನಮ್ಮದು. ಗುರುವಾರ ರಿಪೋರ್ಟ್ ಬರತಾವ. ಶುಕ್ರವಾರ ನಾನೇ ವಲಾಂಡಿಗಿ ಹೋಗ್ತೀನಿ. ಆ ಹುಡುಗಿ ಎದುರಿಗಿ ಕುಂತು, ನನ್ನ ಬಾಯಿಲೇ ಹೇಳ್ತೀನಿ. ಹೂಂ ಅಂದ್ರೂ ಆಕಿ ಇಚ್ಛಾ, ಬ್ಯಾಡ ಅಂದ್ರೂ ಆಕಿ ಇಚ್ಛಾ. ಖರೇ, ಅದಕ್ಕಿಂತ ಮೊದಲ ಬ್ಯಾರೇದವರಿಂದ ಗೊತ್ತಾಯ್ತಂದ್ರ ನಾವು ಮುಚ್ಚಿಟ್ಟಂಗ ಆಗತದ. ಶುಕ್ರವಾರತನಕ ಯಾರ ಕಿವಿಗೂ ಬೀಳಬಾರದ್ರಿ."

"ನನ್ನಿಂದ ಹೊರಗ ಹೋಗಲ್ರಿ ಅವ್ವಾ," ಎಂದ ರೇಣುಕಾಪ್ರಸಾದ. ಮನಸಾರೆ ಹೇಳಿದ್ದ. ಇದನ್ನು ಅವನ ಪರವಾಗಿ ಹೇಳಲೇಬೇಕು.

ಹೊರಗೆ ಕಟ್ಟೆಯ ಮೇಲೆ ಕೈಲಾಸ ಕೂತಿದ್ದ. ಎದ್ದು ಬಂದು ಪಾದ ಮುಟ್ಟಿದ. ಇಪ್ಪತ್ನಾಲ್ಕರ ಹುಡುಗ, ಆರಡಿ ಆಳು, ಮುಖದಲ್ಲಿ ಒಂದೇ ರಾತ್ರಿಯಲ್ಲಿ ಏನೋ ಕುಂದಿತ್ತು. ಅವನ ತಲೆಯ ಮೇಲೆ ಕೈಯಿಟ್ಟಾಗ ರೇಣುಕಾಪ್ರಸಾದನಿಗೆ ಪಾಪ ಎನಿಸಿತು. ಆದರೆ ಹಿಂದೆಯೇ ಇನ್ನೊಂದು ಯೋಚನೆ ಬಂತು, ಕೈ ಇನ್ನೂ ಆ ತಲೆಯ ಮೇಲೆ ಇದ್ದಾಗಲೇ: ಇನ್ನು ಐದು ಸುತ್ತು ಇವನದು ಸೊನ್ನೆ.

ಥೂ ನಿನ್ನ, ಎಂದು ತನಗೆ ತಾನೇ ಬೈದುಕೊಂಡ. ಬೈದುಕೊಂಡರೆ ಯೋಚನೆ ಹೋಗುತ್ತದೆಯೇ! ಮುಂದಿನ ಮೂರು ಮನೆಗಳ ಪೂಜೆಯಲ್ಲೂ ಅದು ಜೊತೆಗೇ ಬಂತು. ಅಷ್ಟು ಜಾಣತನವಿದ್ದೂ ಐದು ವರ್ಷದಲ್ಲಿ ಒಮ್ಮೆಯೂ ಗೆದ್ದಿರಲಿಲ್ಲ ಅವನು. ಈ ಸಲ ಮೂರನೇ ನಂಬರಿನಲ್ಲಿದ್ದ. ಮೊದಲನೆಯವನಿಗೂ ಇವನಿಗೂ ಒಂದು ಒಳ್ಳೆಯ ರವಿವಾರದಷ್ಟೇ ಅಂತರ. ಖುಲ್ಲಾ ಯಾದಿಯಲ್ಲಿ ಉದಗೀರದ ಅಮೃತಪ್ಪ ಇದ್ದ. ಎಡಗೈ ಸ್ಪಿನ್ನರ್, ಎರಡು ವಾರದಿಂದ ಚೆಂಡನ್ನು ನಿಧಾನ ಮಾಡಿ ಬಿಡಲು ಕಲಿತಿದ್ದ, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಇನ್ನೊಂದು ವಾರ ತಡೆದರೆ ಬೀಳುವುದು ಖಂಡಿತ.

ಸಂಜೆ ಐದಕ್ಕೆ ಮನೆಯ ಪಡಸಾಲೆಯಲ್ಲಿ ಫೋನ್ ಹಿಡಿದು ಕೂತ. ನಾನು ಯಾರ ಮುಂದೂ ಬಾಯಿ ಬಿಡುತ್ತಿಲ್ಲ, ಎಂದು ತನಗೆ ತಾನೇ ವಾದಿಸಿದ. ಒಂದು ಹೆಸರು ತೆಗೆದು ಇನ್ನೊಂದು ಹಾಕುವುದು. ಕಾರಣ ಹೇಳಬೇಕೆಂಬ ನಿಯಮ ಎಲ್ಲಿದೆ? ಕೈಲಾಸನಿಗೆ ಇದರಿಂದ ಕೂದಲು ಕೊಂಕುವುದಿಲ್ಲ. ಬೇರೆಯವರಲ್ಲಿ ಇಂಥ ವಾದ ಕೇಳಿದ್ದರೆ ನಕ್ಕುಬಿಡುತ್ತಿದ್ದ. ತನ್ನದಾದ್ದರಿಂದ ತೂಕವಾಗಿ ಕಂಡಿತು. ಆರಕ್ಕೆ ಹತ್ತು ನಿಮಿಷ ಇದ್ದಾಗ ಕಳಿಸಿದ: ಕೈಲಾಸ ಬಾದ್, ಅಮೃತಪ್ಪ ದಾಖಲ್.

ಗುಂಪು ಎದ್ದು ಕೂತಿತು.

ಪಂಡಿತ ಮೊದಲು ಬರೆದ: "ಅರೆ ಬಾಪರೇ! ಕಾಯ್ ಝಾಲಂ, ಏನಾಯ್ತ್ರಿ ಅಯ್ನೋರ? ನಿನ್ನಿ ನಾಕು ವಿಕೆಟ್ ತೊಗೊಂಡಾಂವನ್ನ ಬಾದ್?" ನಿಲಂಗಾದವನೊಬ್ಬ ಬೆರಳು ತಪ್ಪಿ ಒತ್ತಿದ್ದೀರಾ ಎಂದು ಕೇಳಿದ. ಇನ್ನೊಬ್ಬ ಬರೆದ: "ಅಯ್ನೋರ ಬೆರಳು ತಪ್ಪಂಗಿಲ್ಲಪಾ. ಅವರು ಆ ಮನೀಗಿ ಹೋಗಿ ಬರತಾರ." ರೇಣುಕಾಪ್ರಸಾದ ಉತ್ತರಿಸಿದ: "ಫಾರ್ಮ್ ಇಲ್ಲ." ಲೀಗಿನ ಮೊದಲ ಬೌಲರನಿಗೆ ಫಾರ್ಮ್ ಇಲ್ಲವಂತೆ!

ಮರುದಿನ ಬೆಳಿಗ್ಗೆ ಏಳಕ್ಕೆ ಎಂಟನೇ ನಂಬರಿನ ಮಾಲಕ ಕೈಲಾಸನನ್ನು ಎತ್ತಿಕೊಂಡ. ವಲಾಂಡಿಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿರುವ ಬಸವೇಶ್ವರ. ಮೀನಲಳ ಒಡಹುಟ್ಟಿದ ಅಣ್ಣ. ಅಯ್ಯನವರು ಇದನ್ನು ಮರೆತಿದ್ದರೇ ಎಂದು ಕೇಳಬೇಡಿ. ಮರೆತಿರಲಿಲ್ಲ. ಆ ಸಂಜೆ ಬಸವೇಶ್ವರ ಅವನ ಕಣ್ಣಿಗೆ ಎಂಟನೇ ನಂಬರು ಮಾತ್ರವಾಗಿದ್ದ, ಯಾರ ಅಣ್ಣನೂ ಆಗಿರಲಿಲ್ಲ. "ನಮ್ಮ ಭಾವಾ ನಮ್ಮ ಯಾದಿಗೇ ಬಂದ!" ಎಂದು ಬರೆದು ಎರಡು ಕುಣಿಯುವ ಚಿತ್ರ ಹಾಕಿದ್ದ ಬಸವೇಶ್ವರ. ಅದನ್ನು ನೋಡಿ ರೇಣುಕಾಪ್ರಸಾದ ಫೋನನ್ನು ಬೋರಲಾಗಿ ಇಟ್ಟ.

ಮಧ್ಯಾಹ್ನ ಫೋನ್ ಬಂತು. ಈ ಸಲ ಕುಣಿತವಿರಲಿಲ್ಲ.

"ಶರಣ್ರೀ ಅಯ್ನೋರ. ಮುಂಜಾನೆ ಖುಷೀಲಿ ತೊಗೊಂಡ್ನಿ. ಆಮ್ಯಾಲ ಕುಂತು ಇಚಾರ ಮಾಡ್ದೆ. ನೀವು ಸುಮ್ ಸುಮ್ಮನ ಬಿಡೋರಲ್ಲ. ನಾ ಆಟದ ಮಾತ ಕೇಳಲತ್ತಿಲ್ರಿ, ತಂಗೀದು ಕೇಳ್ತಿದೀನಿ. ಕೈಲಾಸ ಆರಾಮ ಅದಾನಲ್ರೀ?"

ಆರಾಮ ಇದ್ದಾನೆ ಅಂದರೆ ಒಂದು ಹುಡುಗಿಯ ಮದುವೆಯ ವಿಷಯದಲ್ಲಿ ಅಯ್ಯನ ಬಾಯಿಂದ ಸುಳ್ಳು. ಇಲ್ಲ ಅಂದರೆ ಕೊಟ್ಟ ಮಾತು ಮುರಿಯಿತು. ಲಲಿತಾಬಾಯಿಯನ್ನೇ ಕೇಳಪ್ಪ ಎನ್ನಬಹುದಿತ್ತು. ಅದು ಹೊಳೆದದ್ದು ಫೋನ್ ಇಟ್ಟ ಮೇಲೆ. ಆ ಗಳಿಗೆಯಲ್ಲಿ ನಾಲಿಗೆಗೆ ಅಭ್ಯಾಸವಾದದ್ದು ಹೊರಬಿತ್ತು: "ಶಿವ ಅದಾನಪಾ. ಎಲ್ಲಾ ಚಲೋ ಮಾಡತಾನ."

ನಮ್ಮ ಕಡೆ ಅಯ್ಯನವರು ಈ ಮಾತನ್ನು ಎಲ್ಲಿ ಹೇಳುತ್ತಾರೆಂದು ಎಲ್ಲರಿಗೂ ಗೊತ್ತು. ಹಾಸಿಗೆ ಹಿಡಿದವರ ಮನೆಯಲ್ಲಿ ಹೇಳುತ್ತಾರೆ.

"ತಿಳೀತ್ರಿ," ಎಂದು ಬಸವೇಶ್ವರ ಫೋನ್ ಇಟ್ಟ.

ಬುಧವಾರ ಅವನು ಉದಗೀರಕ್ಕೆ ಹೋಗಿ ದವಾಖಾನೆಗಳಲ್ಲಿ ತಿರುಗಾಡಿ ವಿಚಾರಿಸಿದ. ಒಂದು ಸಂಗತಿ ಇದೆಯೆಂದು ಗೊತ್ತಾದ ಮೇಲೆ ಹುಡುಕುವುದು ಎಷ್ಟು ಹೊತ್ತಿನ ಕೆಲಸ. ಸಂಜೆಯ ಹೊತ್ತಿಗೆ ಲಲಿತಾಬಾಯಿಗೆ ಫೋನ್ ಮಾಡಿ, ಇಂಥದ್ದನ್ನು ಮುಚ್ಚಿಟ್ಟು ನಮ್ಮ ಹುಡುಗಿಯ ಕೊರಳಿಗೆ ಕಟ್ಟಲು ಹೊರಟಿದ್ದಿರಾ ಎಂದು ಕೇಳಿದ. ಶುಕ್ರವಾರ ಬರುವವಳಿದ್ದೆ ಎಂದು ಆಕೆ ಹೇಳಿದರೆ ನಂಬುವವರು ಯಾರು? ಸಿಕ್ಕಿಬಿದ್ದವರೆಲ್ಲ ನಾಳೆ ಹೇಳುವವರೇ ಇರುತ್ತಾರೆ. ಸಾಖರಪುಡಾ ನಿಂತುಹೋಯಿತು.

ಗುರುವಾರ ಊಟಕ್ಕೆ ಕೂತಾಗ ಮರುಳಸಿದ್ಧಯ್ಯ ಮಗನಿಗೆ ಈ ಸುದ್ದಿ ಹೇಳಿ, "ಪಾಪ, ಆ ಹೆಣ್ಣಮಗಳು ನನಗ ಗೊತ್ತು. ಆಕಿ ಮುಚ್ಚಿಡಾಕಿ ಅಲ್ಲ," ಎಂದ. ಮಗ ರೊಟ್ಟಿ ಅರ್ಧಕ್ಕೆ ಬಿಟ್ಟು ಕೈ ತೊಳೆದ. ಆಗಲೇ ಎದ್ದು ಹೋಗಿ ಲಲಿತಾಬಾಯಿಯ ಮುಂದೆ ಹೇಳಿಬಿಡಬೇಕಿತ್ತು. ಚಪ್ಪಲಿಯನ್ನೂ ಮೆಟ್ಟಿಕೊಂಡ. ಆಮೇಲೆ, ಒಂದು ಮನೆಯಲ್ಲಿ ಹೇಳಿದರೆ ನಲವತ್ತು ಮನೆಗೆ ಗೊತ್ತಾಗುತ್ತದೆ, ಅಪ್ಪನ ಜೀವಮಾನದ ಹೆಸರು ಹೋಗುತ್ತದೆ ಎಂದುಕೊಂಡು ಚಪ್ಪಲಿ ಬಿಟ್ಟ. ಅಪ್ಪನ ಹೆಸರೋ ತನ್ನ ಮುಖವೋ, ಉಳಿಸಿಕೊಳ್ಳಬೇಕಾದದ್ದು ಯಾವುದು ಎಂದು ಅವನು ತನ್ನನ್ನು ತಾನು ಹೆಚ್ಚು ಕೇಳಲಿಲ್ಲ.

ರವಿವಾರ ಅಮೃತಪ್ಪ ಐದು ವಿಕೆಟ್ ತೆಗೆದ. ಅಂಕ ಕೂಡಿಸಿ ಪಂಡಿತ ಯಾದಿ ಹಾಕಿದಾಗ ರೇಣುಕಾಪ್ರಸಾದನ ಹೆಸರು ಎಲ್ಲಕ್ಕಿಂತ ಮೇಲೆ ಇತ್ತು. ಐದು ವರ್ಷದಲ್ಲಿ ಮೊದಲ ಸಲ. ಒಂದು ಕ್ಷಣ, ನಿಜವಾಗಿಯೂ ಒಂದು ಕ್ಷಣ, ಅವನಿಗೆ ಖುಷಿಯಾಯಿತು. ಖುಷಿಯಾಯಿತಲ್ಲ ಎಂಬುದೇ ಆಮೇಲೆ ಅವನನ್ನು ಎಲ್ಲಕ್ಕಿಂತ ಹೆಚ್ಚು ತಿಂದಿತು. ಬಸವೇಶ್ವರ ಗುಂಪಿನಿಂದ ಹೊರಗೆ ಹೋಗಿದ್ದ.

ಸೋಮವಾರ ಬೆಳಿಗ್ಗೆ ದಿಗಂಬರನ ಫೋನ್ ಬಂತು.

"ಅಯ್ನೋರ, ಮನೀತನಕ ಬರ್ರಿ. ಪೂಜಾಕ್ಕಲ್ಲ. ಮಂಗಲಾನ ಕೈಲಿ ಆಣಿ ಮಾಡಸಬೇಕಾಗ್ಯದ."

ಅಲ್ಲಿ ಹೋದ ಮೇಲೆ ಎಲ್ಲ ತಿಳಿಯಿತು. ಮನೆಯ ಮಾತು ಹೊರಗೆ ಹೇಗೆ ಹೋಯಿತೆಂದು ನಾಲ್ಕು ದಿನ ಕೂತು ಲೆಕ್ಕ ಹಾಕಿದ್ದರು. ಗೊತ್ತಿದ್ದವರು ಐದೇ ಜನ: ತಾಯಿ, ಇಬ್ಬರು ಮಕ್ಕಳು, ಸೊಸೆ, ಅಯ್ಯನವರು. ಅಯ್ಯನವರನ್ನು ಅನುಮಾನಿಸುವ ಪ್ರಶ್ನೆಯೇ ಇಲ್ಲ. ಮಂಗಲಾಳ ತವರು ವಲಾಂಡಿ. ಸಂಬಂಧ ತೋರಿಸಿದವಳೂ ಅವಳೇ. ಹೊಲದಲ್ಲಿ ಕಣ್ಣಾರೆ ನೋಡಿದವಳೂ ಅವಳೇ. ಮಂಗಳವಾರ ಆಕೆ ತವರಿಗೆ ಫೋನ್ ಮಾಡಿದ್ದೂ ನಿಜ. ತಾಯಿಯ ಸೊಂಟನೋವು ವಿಚಾರಿಸಿದ್ದೆ ಎಂದರೆ ಗಂಡ ಮುಖ ತಿರುಗಿಸಿದ. ಅಂದಿನಿಂದ ದಿಗಂಬರ ಅವಳ ಜೊತೆ ಮಾತು ಬಿಟ್ಟಿದ್ದ. ಅತ್ತೆ ಅವಳ ಕೈಯ ರೊಟ್ಟಿ ಬಿಟ್ಟು ತಾವೇ ಒಲೆಯ ಮುಂದೆ ಕೂತಿದ್ದರು.

ಆಣೆಯ ಪದ್ಧತಿ ಹೀಗೆ. ಆಣೆ ಮಾಡುವವರು ಮಿಂದು, ವಿಭೂತಿ ಹಚ್ಚಿ, ಕೊರಳಿನ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯಲ್ಲಿ ಹಿಡಿಯಬೇಕು. ಅಯ್ಯನವರು ಒಂದೊಂದೇ ಮಾತು ಹೇಳಿಕೊಡುತ್ತಾರೆ, ಅವರು ಹಿಂದೆ ಹೇಳುತ್ತಾರೆ. ಆಮೇಲೆ ಆ ವಿಷಯವನ್ನು ಆ ಮನೆಯಲ್ಲಿ ಯಾರೂ ಎತ್ತುವಂತಿಲ್ಲ.

ಮಂಗಲಾ ಒದ್ದೆ ಕೂದಲಲ್ಲೇ ಬಂದು ಎದುರಿಗೆ ಕೂತಳು. ಮದುವೆಯಾಗಿ ಒಂಬತ್ತು ವರ್ಷ. ಅತ್ತಿರಲಿಲ್ಲ, ಅಥವಾ ಅತ್ತು ಮುಗಿಸಿದ್ದಳು. ಅಂಗೈಯಲ್ಲಿ ಲಿಂಗ. ಅವಳು ಅಯ್ಯನವರನ್ನು ನೋಡಿದಳು, ಹೇಳಿರಿ ಎನ್ನುವಂತೆ.

ಇವಳು ಆಣೆ ಮಾಡಿದರೆ ಇವಳ ಮೇಲಿನ ಅನುಮಾನ ಹೋಗುತ್ತದೆ, ನನ್ನ ಮೇಲೆ ಬರುವುದೂ ಇಲ್ಲ, ಎಂಬ ಯೋಚನೆ ಅವನಿಗೆ ಬಾರದೆ ಇರಲಿಲ್ಲ. ಬಂತು. ಒಂದು ಹೆಣ್ಣು ತಾನು ಮಾಡದ ತಪ್ಪಿಗೆ ದೇವರನ್ನು ಕೈಯಲ್ಲಿ ಹಿಡಿದು ಕೂತಿದ್ದಾಳೆ, ಮಾಡಿದವನು ಗುರುವಿನ ಮಣೆಯ ಮೇಲೆ ಕೂತು ಇನ್ನೂ ಲಾಭ ನೋಡುತ್ತಿದ್ದಾನೆ. ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಮಣೆಯಿಂದ ಕೆಳಗೆ ಸರಿದು ನೆಲದ ಮೇಲೆ ಕೂತ.

"ತಡೀರಿ ತಂಗಿ," ಎಂದ. "ಅವ್ವಾ, ಈಕಿ ಅಲ್ರಿ. ನಾನ್ರಿ. ನನ್ನಿಂದ ಹೋಗ್ಯದ."

ಯಾರಿಗೂ ಅರ್ಥವಾಗಲಿಲ್ಲ. ಅವನು ಆಟದ ಕಥೆ ಹೇಳಿದ. ಯಾದಿ, ಅಂಕ, ಸೋಮವಾರ ಸಂಜೆ ಆರು ಗಂಟೆ, ಬಾದ್, ದಾಖಲ್, ಬಸವೇಶ್ವರನ ಫೋನು, ತಾನು ಕೊಟ್ಟ ಉತ್ತರ. ಎಂಟನೇ ವಯಸ್ಸಿನಿಂದ ಸಂಸ್ಕೃತವನ್ನೂ ತಡವರಿಸದೆ ಹೇಳಿದ ಬಾಯಿ ಇಷ್ಟನ್ನು ಹೇಳಲು ಒದ್ದಾಡಿತು. ಕೇಳುವವರ ಮುಖ ನೋಡುತ್ತ ನೋಡುತ್ತ ಆ ಆಟ ಎಷ್ಟು ಸಣ್ಣದೆಂದು ಅವನಿಗೇ ಕಾಣತೊಡಗಿತು.

ಲಲಿತಾಬಾಯಿ ಕೇಳಿದರು: "ರೊಕ್ಕದ ಆಟೇನ್ರಿ?"

"ಅಲ್ರಿ ಅವ್ವಾ."

"ಮತ್ತೇನ ಸಿಕ್ತ್ರಿ?"

"ಮೊದಲನೇ ನಂಬರ್ರಿ."

"ಎದರಾಗ?"

ರೊಕ್ಕವಾಗಿದ್ದರೆ ಆಕೆಗೆ ತಿಳಿಯುತ್ತಿತ್ತು. ಆಸೆ ಎಂದು ಬೈದು ಬಿಡುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ಕೈಲಾಸ ಮೆಲ್ಲಗೆ ಕೇಳಿದ: "ನನ್ನ ಬದಲೀ ಯಾರನ್ನ ಹಿಡದ್ರಿ ಅಯ್ನೋರ?"

"ಉದಗೀರದ ಅಮೃತಪ್ಪ."

ಕೈಲಾಸ ತಲೆಯಾಡಿಸಿದ. "ಚಲೋ ಹಾಕತಾನ ಅಂವಾ," ಎಂದ. ಆಟಗಾರ ಇನ್ನೊಬ್ಬ ಆಟಗಾರನ ಬಗ್ಗೆ ಹೇಳುವ ಹಾಗೆ ಹೇಳಿದ, ಸಿಟ್ಟಿಲ್ಲದೆ. ಕೆನ್ನೆಗೆ ಹೊಡೆದಿದ್ದರೆ ರೇಣುಕಾಪ್ರಸಾದನಿಗೆ ಇಷ್ಟು ನೋವಾಗುತ್ತಿರಲಿಲ್ಲ.

"ಶುಕ್ರವಾರ ನಾ ಹೇಳ್ತಿದ್ನಿ ಅಯ್ನೋರ," ಎಂದರು ಲಲಿತಾಬಾಯಿ. "ಆ ಹುಡುಗಿ ಒಲ್ಲೆ ಅಂತಿದ್ದಳೇನೋ. ಅನ್ಲಿ. ಆದ್ರ ನನ್ನ ಕಳ್ಳಿ ಅಂತಿದ್ದಿಲ್ಲ. ಈಗ ಯಾವ ಬಾಯಿಲೇ ಹೋಗಲಿ ನಾ?" ಆಮೇಲೆ ಸೊಸೆಯ ಕಡೆ ತಿರುಗಿದರು; ಮುಖ ನೋಡಲಾಗದೆ ಅವಳ ಕೈಯನ್ನು ನೋಡುತ್ತ, "ಲಿಂಗ ಕೊರಳಿಗಿ ಹಾಕ್ಕೋ ಮಂಗಲಾ. ಏಳವ್ವಾ, ಮುಗೀತು," ಎಂದರು. ದಿಗಂಬರ ಗೋಡೆ ನೋಡುತ್ತಿದ್ದ.

ಮಂಗಲಾ ಏಳಲಿಲ್ಲ.

"ಹ್ಯಾಂಗ ಮುಗೀತ್ರಿ ಅತ್ತಿ?" ಎಂದಳು. ದನಿ ಏರಿರಲಿಲ್ಲ. "ನಾಕ ದಿನ ನಾ ಇಲ್ಲ ಅಂದೆ. ಕಾಲ ಹಿಡದು ಇಲ್ಲ ಅಂದೆ. ನಂಬಲಿಲ್ಲ. ಈಗ ಅಯ್ನೋರು ಹೇಳ್ಯಾರಂತ ನಂಬೀರಿ. ಅವರು ಬಾಯಿ ಬಿಡದೇ ಇದ್ದಿದ್ರ? ನನ್ನ ಮಾತಿಗಿ ಈ ಮನ್ಯಾಗ ಏನೂ ಬೆಲೀನೇ ಇಲ್ಲೇನ್ರಿ? ಆಣಿ ಮಾಡಂತ ಕುಂಡ್ರಿಸೀರಿ. ಮಾಡೇ ಏಳ್ತೀನಿ."

"ಬ್ಯಾಡ್ರಿ ತಂಗಿ," ಎಂದ ರೇಣುಕಾಪ್ರಸಾದ. "ತಪ್ಪು ನನ್ನದದ."

"ನಿಮ್ಮ ತಪ್ಪು ನೀವು ಹೇಳೀರಿ. ನಂದು ನಾ ಹೇಳಬ್ಯಾಡೇನ್ರಿ? ಹೇಳಿಕೊಡ್ರಿ ಅಯ್ನೋರ. ನೀವು ಹೇಳಿಕೊಡಬೇಕು, ನಾ ಹಿಂದ ಹೇಳಬೇಕು. ಅದಕ್ಕೇ ಅಲ್ರಿ ನಿಮ್ಮನ್ನ ಕರಿಸ್ಯಾರ?"

ತಪ್ಪು ಒಪ್ಪಿಕೊಂಡರೆ ಎಲ್ಲ ತಿಳಿಯಾಗುತ್ತದೆ ಎಂದುಕೊಂಡಿದ್ದ ಅವನು. ಈ ಹೆಣ್ಣುಮಗಳು ನಾಲ್ಕು ದಿನ ಪಟ್ಟದ್ದು ಅವನ ಒಂದು ಮಾತಿನಿಂದ ಹೋಗುವಂಥದ್ದಾಗಿರಲಿಲ್ಲ. ಬೇರೆ ದಾರಿಯಿಲ್ಲದೆ ಕೈ ಮುಗಿದು, ಕಣ್ಣು ಮುಚ್ಚಿ ಶುರುಮಾಡಿದ.

"ಈ ಮನೀ ಮಾತು..."

"ಈ ಮನೀ ಮಾತು," ಎಂದಳು ಮಂಗಲಾ.

"ನಾ..."

"ನಾ."

ಮುಂದಿನದು ಮೂರೇ ಶಬ್ದ. ಹೊರಗ ಒಯ್ದಿಲ್ಲ, ಶಿವಸಾಕ್ಷಿ. ಅವನ ತುಟಿಗಳು ಅಲುಗಿದವು, ದನಿ ಬರಲಿಲ್ಲ. ಮತ್ತೊಮ್ಮೆ ಹೇಳಲು ನೋಡಿದ. ತನ್ನ ಬಾಯಲ್ಲಿ ಆ ಮಾತು ಸುಳ್ಳು. ಕಣ್ಣಿಂದ ನೀರು ಇಳಿದು ವಿಭೂತಿ ಕಲಸಿತು, ಅದನ್ನು ಒರೆಸಿಕೊಳ್ಳಲೂ ಕೈ ಏಳಲಿಲ್ಲ. ಮಂಗಲಾ ಅಂಗೈ ನೇರವಾಗಿ ಹಿಡಿದು ಕಾದಳು. ಅತ್ತೆ, ಗಂಡ, ಮೈದುನ ಎಲ್ಲರೂ ನೋಡುತ್ತಿದ್ದರು. ಅವಳು ಸಾಕಷ್ಟು ಹೊತ್ತು ಕಾದಳು.

ಆಮೇಲೆ ಅವನ ಮೇಲಿನಿಂದ ಕಣ್ಣು ತೆಗೆದು, ಅಂಗೈಯನ್ನು ನೋಡುತ್ತ, ಉಳಿದದ್ದನ್ನು ಒಬ್ಬಳೇ ಹೇಳಿ ಮುಗಿಸಿದಳು.